ಖಾಲಿ ಪ್ಲಾಟಿಗೆ ಸಸಿ ತರುವ ಮುಂಚೆ

ನಮ್ಮ ಓಣಿಯ ಮೂಲೆಯಲ್ಲಿ ಒಂದು ಪ್ಲಾಟ್ ಇದೆ. ಎಲ್ಲರೂ ಅದನ್ನು ಖಾಲಿ ಜಾಗ ಅಂತ ಕರೆಯುತ್ತಾರೆ. ಅದು ಖಾಲಿ ಇದ್ದ ದಿನ ಮಾತ್ರ ನನಗೆ ನೆನಪಿಲ್ಲ. ಒಡೆದ ಇಟ್ಟಿಗೆ, ಹಳೆ ಕಮೋಡು, ಮದುವೆ ಊಟದ ಪತ್ರಾವಳಿ, ಸೊಂಟದೆತ್ತರದ ಕಾಂಗ್ರೆಸ್ ಹುಲ್ಲು, ಹಂದಿಗಳ ಒಂದು ದೊಡ್ಡ ಸಂಸಾರ. ಕಲಬುರಗಿಯ ಯಾವ ಬಡಾವಣೆಗೆ ಹೋದರೂ ಇಂಥದೊಂದು ಸಿಗುತ್ತದೆ. ರಿಂಗ್ ರೋಡ್ ದಾಟಿದರೆ ಎಣಿಸುವುದೇ ಬೇಡ.

ಕೆಲವು ವರ್ಷಗಳ ಹಿಂದೆ ಜೂನ್ 5ರ ಪರಿಸರ ದಿನ ನಾವೊಂದಿಷ್ಟು ಮಂದಿ ಸೇರಿ ಅಲ್ಲಿ ಸಸಿ ನೆಟ್ಟೆವು. ಫೋಟೊ ಚೆನ್ನಾಗಿ ಬಂತು, ಸಸಿ ಬರಲಿಲ್ಲ. ದೀಪಾವಳಿ ಹೊತ್ತಿಗೆ ಅರ್ಧ ಹೋಗಿದ್ದವು. ಯುಗಾದಿಗೆ ಒಂದೂ ಇರಲಿಲ್ಲ. ಆಮೇಲೆ ಕೂತು ಯೋಚಿಸಿದಾಗ ನಗು ಬಂತು. ಆ ಜಾಗ ಯಾರದ್ದು ಅಂತ ನಮಗೆ ಗೊತ್ತಿರಲಿಲ್ಲ. ನೀರು ಎಲ್ಲಿಂದ ಅಂತ ಯಾರೂ ಕೇಳಿರಲಿಲ್ಲ. ಒಂದು ಮೊಳ ಅಗೆದು ಕೆಳಗೆ ಏನಿದೆ ಅಂತಲೂ ನೋಡಿರಲಿಲ್ಲ.

ಸಸಿ ನೆಡುವುದು ಈ ಕೆಲಸದಲ್ಲಿ ಕೊನೆಗೆ ಬರುವಂಥದ್ದು. ನಾವು ಅದನ್ನೇ ಮೊದಲು ಮಾಡುತ್ತೇವೆ, ಯಾಕಂದರೆ ಅದು ಒಂದೇ ಬೆಳಗಿನಲ್ಲಿ ಮುಗಿಯುತ್ತದೆ. ಅದಕ್ಕೂ ಮುಂಚಿನ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಕೆಲಸ ಏನು ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕಾಗದ

ಊರಲ್ಲಿ ಯಾರದ್ದೂ ಅಲ್ಲದ ನೆಲ ಅಂತ ಇರುವುದಿಲ್ಲ. ನಿಮ್ಮ ಮೂಲೆಯ ಜಾಗ ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ. ಲೇಔಟ್ ನಕ್ಷೆಯಲ್ಲಿ ಪಾರ್ಕ್ ಅಂತ ಬಿಟ್ಟಿದ್ದು, ಶಾಲೆ, ಆಸ್ಪತ್ರೆ ಇತ್ಯಾದಿಗೆ ಬಿಟ್ಟ ಸಿ.ಎ. (ನಾಗರಿಕ ಸೌಲಭ್ಯ) ಸೈಟ್, ಇಲ್ಲವೇ ಯಾರೋ ಕೊಂಡು ಕಟ್ಟದೆ ಬಿಟ್ಟ ಖಾಸಗಿ ಪ್ಲಾಟ್. ಮೂರಕ್ಕೂ ದಾರಿ ಬೇರೆ ಬೇರೆ. ಇಲ್ಲಿ ಪಾರ್ಕ್ ಮತ್ತು ಖಾಸಗಿ ಪ್ಲಾಟಿನ ದಾರಿ ಮಾತ್ರ ಹೇಳುತ್ತೇನೆ.

ಲೇಔಟ್ ಮಾಡುವಾಗ ಇರುವ ನೆಲವನ್ನೆಲ್ಲ ಪ್ಲಾಟ್ ಮಾಡಿ ಮಾರುವಂತಿಲ್ಲ. ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯ್ದೆಯ ಪ್ರಕಾರ, ಪ್ರಾಧಿಕಾರ ತಾನೇ ಮಾಡುವ ಬಡಾವಣೆಯಲ್ಲಿ ಕನಿಷ್ಠ ಶೇ 15ರಷ್ಟು ಜಾಗವನ್ನು ಪಾರ್ಕ್ ಮತ್ತು ಆಟದ ಮೈದಾನಕ್ಕೆ ಬಿಡಬೇಕು. ಅದರ ಮೇಲೆ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಖಾಸಗಿಯವರು ಹೊಲವನ್ನು ಎನ್.ಎ., ಅಂದರೆ ಕೃಷಿಯೇತರ, ಮಾಡಿಸಿ ಹಾಕುವ ಲೇಔಟಿಗೆ ಲೆಕ್ಕ ಬೇರೆ ಇದೆ. ಆದರೆ ಅಲ್ಲೂ ಪಾರ್ಕ್ ಬಿಡಲೇಬೇಕು, ಬಿಟ್ಟ ಮೇಲೆ ಅದನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಬೇಕು. ಈ ಹಸ್ತಾಂತರವೇ ಎಷ್ಟೋ ಕಡೆ ಸಿಕ್ಕಿಕೊಂಡಿರುತ್ತದೆ. ಲೇಔಟ್ ಮಾಡಿದವರು ಪ್ಲಾಟ್ ಮಾರಿ ಹೋಗಿರುತ್ತಾರೆ, ಪಾರ್ಕ್ ಇನ್ನೂ ಯಾರ ರಿಜಿಸ್ಟರಿಗೂ ಏರಿರುವುದಿಲ್ಲ. ಅಂಥ ಜಾಗಕ್ಕೆ ಪಾಲಿಕೆಯಿಂದ ಒಂದು ಬುಟ್ಟಿ ಮಣ್ಣೂ ಬರುವುದಿಲ್ಲ. ಇನ್ನು ನಕ್ಷೆಯೇ ಇಲ್ಲದೆ ಹೊಲದಲ್ಲಿ ಕಲ್ಲು ನೆಟ್ಟು ಮಾರಿದ ಲೇಔಟ್ ಆಗಿದ್ದರೆ ಅಲ್ಲಿ ಪಾರ್ಕೇ ಇರುವುದಿಲ್ಲ. ಖಾಲಿ ಕಂಡಿದ್ದೆಲ್ಲ ಯಾರದೋ ಪ್ಲಾಟು.

ಇದನ್ನು ತಿಳಿದುಕೊಳ್ಳಲು ಮಂಜೂರಾದ ಲೇಔಟ್ ನಕ್ಷೆ ಬೇಕು. ನಮ್ಮಲ್ಲಿ ಅದು ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಅಂದರೆ ಕುಡಾದಲ್ಲಿ, ಅಥವಾ ಮಹಾನಗರ ಪಾಲಿಕೆಯಲ್ಲಿ ಇರುತ್ತದೆ. ಕೇಳಿದ ತಕ್ಷಣ ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಓಣಿಯ ಕಥೆ, ಹಂದಿ ಕಾಟ ಎಲ್ಲ ಬರೆಯಬೇಡಿ. ಸರ್ವೆ ನಂಬರು ಹಾಕಿ, ದೃಢೀಕೃತ ನಕ್ಷೆ ಪ್ರತಿ ಮತ್ತು ಪಾರ್ಕ್ ಹಸ್ತಾಂತರವಾದ ದಿನಾಂಕ ಕೇಳಿ. ಸಾಕು.

ನಕ್ಷೆಯಲ್ಲಿ ಪಾರ್ಕ್ ಅಂತ ಇದ್ದರೆ ನಿಮ್ಮ ಕೈ ಬಹಳ ಗಟ್ಟಿ. ಪಾರ್ಕ್, ಆಟದ ಮೈದಾನ, ತೆರೆದ ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಒಂದಿದೆ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಿದ್ದರು. ಬಡಾವಣೆಯ ಜನ ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೇ ತಾನೇ ಅನ್ನುವ ವಾದ ನಿಲ್ಲಲಿಲ್ಲ. ಪಾರ್ಕಿಗೆ ಬಿಟ್ಟಿದ್ದು ಪಾರ್ಕಿಗೇ ಅಂತ ಕೋರ್ಟ್ ಹೇಳಿತು. ಅಲ್ಲಿ ವಾಸಿಸುವ ಜನಕ್ಕೆ ಅದನ್ನು ಕೇಳುವ ಹಕ್ಕಿದೆ ಅಂತಲೂ ಹೇಳಿತು. ನಿಮ್ಮ ಅರ್ಜಿಯಲ್ಲಿ ಈ ಒಂದು ಸಾಲು ಇದ್ದರೆ ಓದುವವರು ಸ್ವಲ್ಪ ನೆಟ್ಟಗೆ ಕೂತು ಓದುತ್ತಾರೆ.

ಇನ್ನೊಂದು ಸೂಕ್ಷ್ಮ ವಿಷಯ ಇದೆ, ಎಲ್ಲರೂ ಪಿಸುಮಾತಲ್ಲಿ ಹೇಳುವಂಥದ್ದು. ಪಾರ್ಕ್ ಜಾಗದ ಮೂಲೆಯಲ್ಲಿ ಒಂದು ಕಲ್ಲು, ಆಮೇಲೆ ಕಟ್ಟೆ, ಆಮೇಲೆ ಶೆಡ್ಡು. ಗುಡಿ ಇರಲಿ, ದರ್ಗಾ ಇರಲಿ, ಚರ್ಚ್ ಇರಲಿ, ಸಾರ್ವಜನಿಕ ಪಾರ್ಕಿನಲ್ಲಿ ಹೊಸದಾಗಿ ಅನಧಿಕೃತವಾಗಿ ಕಟ್ಟುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರಿನಲ್ಲೇ ಆದೇಶ ಮಾಡಿದೆ. ಕಟ್ಟಿದ ಮೇಲೆ ಈ ಮಾತು ಎತ್ತಿದರೆ ಓಣಿ ಎರಡಾಗುತ್ತದೆ. ಮೊದಲ ಸಭೆಯಲ್ಲೇ ಎಲ್ಲರ ಎದುರು ಆಡಿ ಮುಗಿಸಿ.

ಇನ್ನು ಖಾಸಗಿ ಪ್ಲಾಟ್. ಮಾಲೀಕರು ಹೈದರಾಬಾದಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಫೋನ್ ಮಾಡಿದರೆ ಮೊದಲ ಪ್ರಶ್ನೆ ಒಂದೇ: "ಅಲ್ರಿ, ನಾಳಿ ನನ್ನ ಪ್ಲಾಟ್ ನನಗ ಸಿಗ್ತದೇನ್ರಿ?" ಈ ಭಯಕ್ಕೆ ಕಾರಣ ಇದೆ. ಬೇರೆಯವರ ಜಾಗದಲ್ಲಿ ಅವರ ಹಕ್ಕನ್ನು ಧಿಕ್ಕರಿಸಿ 12 ವರ್ಷ ಬಿಡದೆ ಕೂತವರು ಆ ಜಾಗದ ಮೇಲೆ ಹಕ್ಕು ಕೇಳಬಹುದು ಅನ್ನುವ ನಿಯಮ 1963ರ ಕಾಲಮಿತಿ ಕಾಯ್ದೆಯಲ್ಲಿದೆ. ಆದರೆ ಮಾಲೀಕರ ಅನುಮತಿ ಪಡೆದು ಬಳಸುವವರಿಗೆ ಇದು ಅನ್ವಯಿಸುವುದಿಲ್ಲ. ಅನುಮತಿ ಅಂತ ಕಾಗದದಲ್ಲಿ ಇದ್ದರೆ ಮಾಲೀಕರಿಗೇ ರಕ್ಷಣೆ. ಬಹಳ ಜನ ಮಾಲೀಕರಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಅವರೇ "ಬರದು ಕೊಡ್ರಿ" ಅನ್ನುತ್ತಾರೆ.

ಆ ಕಾಗದ ಬಾಡಿಗೆ ಕರಾರು ಆಗಬಾರದು, ಲೀಸ್ ಅನ್ನುವ ಪದವೂ ಬೇಡ. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಇದಕ್ಕೆ ಲೈಸೆನ್ಸ್ ಅನ್ನುತ್ತಾರೆ. ಅಂದರೆ ಬಳಸಲು ಒಪ್ಪಿಗೆ, ಹಕ್ಕು ಯಾವುದೂ ಇಲ್ಲ. ಇಲ್ಲಿ ಒಂದು ತಿರುವು ಇದೆ. ಒಪ್ಪಿಗೆ ಪಡೆದವರು ಅದನ್ನು ನಂಬಿ ಖರ್ಚು ಮಾಡಿ ಕಾಯಂ ಕಟ್ಟಡ ಕಟ್ಟಿದ್ದರೆ, ಮಾಲೀಕರು ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಖಾಸಗಿ ಪ್ಲಾಟಿನಲ್ಲಿ ಸಿಮೆಂಟಿನ ಕಟ್ಟೆಯೂ ಬೇಡ, ಬೋರೂ ಬೇಡ. ದೊಡ್ಡ ಮರವೂ ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಊರೊಳಗೆ ಮರ ಕಡಿಯಲು ಅನುಮತಿ ಬೇಕು. ನೀವು ಪ್ರೀತಿಯಿಂದ ಬೆಳೆಸಿದ ಬೇವು ನಾಳೆ ಮಾಲೀಕರ ಮನೆಗೆ ಅಡ್ಡ ನಿಂತರೆ ನಿಮ್ಮ ಸ್ನೇಹ ಅಲ್ಲಿಗೇ ಮುಗಿಯಿತು. ಅಂಥ ಜಾಗದಲ್ಲಿ ಚೀಲದಲ್ಲಿ, ಎತ್ತರಿಸಿದ ಮಡಿಗಳಲ್ಲಿ ಪುಂಡಿ, ಮೆಂತ್ಯ, ಬದನೆ, ಚೆಂಡುಹೂವು, ಪಪ್ಪಾಯಿ ಹಾಕಿ. ಎರಡು ವರ್ಷಕ್ಕೆ ಅದೇ ಚೆಂದ. ಕಾಗದವನ್ನು ಒಮ್ಮೆ ವಕೀಲರಿಗೆ ತೋರಿಸಿ, ಅಷ್ಟಕ್ಕೆ ಜಿಪುಣತನ ಮಾಡಬೇಡಿ.

ಮರ, ಕಟ್ಟೆ, ನೆರಳು ಎಲ್ಲ ಬೇಕಿದ್ದರೆ ಪಾರ್ಕ್ ಜಾಗವನ್ನೇ ಹುಡುಕಬೇಕು. ಮುಂದಿನ ಮಾತೆಲ್ಲ ಅದರ ಬಗ್ಗೆ.

ಕಸ ಯಾಕೆ ಅಲ್ಲೇ ಬೀಳುತ್ತದೆ

"ಯಾಕ್ರಿ ಅಕ್ಕಾ, ಇಲ್ಲೇ ಯಾಕ ಒಗೀತೀರಿ?" ಅಂತ ಒಮ್ಮೆ ಕೇಳಿದ್ದೆ. "ಎಲ್ಲಾರೂ ಒಗೀತಾರ, ನಾನೂ ಒಗದೆ" ಅಂದರು. ಕೋಪ ಬಂತು. ಆದರೆ ಅವರು ಹೇಳಿದ್ದು ನಿಜ. ತಿಪ್ಪೆ ಇದ್ದಲ್ಲೇ ತಿಪ್ಪೆ ಬೀಳುತ್ತದೆ.

ಜೆಸಿಬಿ ತರಿಸಿ ಒಂದು ದಿನ ಬಳಿದು ಹಾಕುವುದು ಸುಲಭ. ವಾರದಲ್ಲಿ ಮತ್ತೆ ಮೊದಲಿನಂತೆ ಆಗುತ್ತದೆ. ಅದಕ್ಕೆ ಮೊದಲು ಒಂದು ವಾರ ಸುಮ್ನೆ ನೋಡಿ. ಯಾವ ಕಸ, ಯಾವ ಹೊತ್ತು, ಯಾರಿಂದ? ಮನೆ ಕಸ ಬೆಳಗ್ಗೆ ಬೀಳುತ್ತಿದ್ದರೆ ಕಸದ ಗಾಡಿ ಬರುವ ಹೊತ್ತಿಗೂ ಅವರು ಕೆಲಸಕ್ಕೆ ಹೋಗುವ ಹೊತ್ತಿಗೂ ತಾಳೆ ಆಗುತ್ತಿಲ್ಲ ಅಂತ ಅರ್ಥ. ಗಾಡಿ ಒಂದು ಗಂಟೆ ಮುಂಚೆ ಬಂದರೆ ಅರ್ಧ ಕಸ ನಿಲ್ಲಬಹುದು. ಒಡೆದ ಇಟ್ಟಿಗೆ, ಸಿಮೆಂಟು ರಾತ್ರಿ ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಅದಕ್ಕೆ ಬೋರ್ಡ್ ಹಾಕಿ ಪ್ರಯೋಜನ ಇಲ್ಲ. ಟ್ರ್ಯಾಕ್ಟರ್ ಹೋಗುವ ಅಗಲ ಮುಚ್ಚಬೇಕು. ದೊಡ್ಡ ಕಲ್ಲು ನಾಲ್ಕು ಅಡ್ಡ ಇಟ್ಟರೂ ಆಯಿತು. ಜನವರಿ ಹೊತ್ತಿಗೆ ರಾಶಿ ಮುಗಿದು ಊರ ಸುತ್ತ ತೊಗರಿ ಕಟ್ಟಿಗೆ ಒಟ್ಟಿರುತ್ತಾರಲ್ಲ, ಅದರದ್ದೇ ಬೇಲಿ ಒಂದು ವರ್ಷಕ್ಕೆ ಬರುತ್ತದೆ.

ಎತ್ತರದ ಕಾಂಪೌಂಡ್ ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ. ಅನುದಾನ ಬಂದರೆ ಮೊದಲು ಬರುವುದು ಕಾಂಪೌಂಡೇ, ಅದು ಬೇರೆ ವಿಷಯ. ಆದರೆ ಆರಡಿ ಗೋಡೆಯ ಹಿಂದೆ ಏನು ನಡೆಯುತ್ತದೆ ಅಂತ ರಸ್ತೆಗೆ ಕಾಣುವುದಿಲ್ಲ. ಹೆಣ್ಣುಮಕ್ಕಳು ಅಂಥ ಜಾಗಕ್ಕೆ ಸಂಜೆ ಹೋಗುವುದಿಲ್ಲ. ಸೊಂಟದೆತ್ತರದ ಗೋಡೆ, ಅದರ ಮೇಲೆ ಜಾಲರಿ, ಎರಡು ಕಡೆ ಗೇಟು. ಇಷ್ಟಿದ್ದರೆ ಓಣಿಯ ಕಣ್ಣು ಒಳಗೆ ಬೀಳುತ್ತಾ ಇರುತ್ತದೆ.

ಕಳೆ ಕೀಳುವ ಕೆಲಸದಲ್ಲಿ ಎರಡು ಶತ್ರುಗಳಿವೆ. ಕಾಂಗ್ರೆಸ್ ಹುಲ್ಲು ಹೂ ಬಿಡುವ ಮುಂಚೆ, ಮಣ್ಣು ಹಸಿ ಇದ್ದಾಗ, ಕೈಗವಸು ಹಾಕಿ ಬೇರು ಸಮೇತ ಕೀಳಬೇಕು. ಅದರ ಪರಾಗದಿಂದ ತುರಿಕೆ, ಉಬ್ಬಸ ಬರುವವರು ಹತ್ತಿರ ಹೋಗಬಾರದು. ಅದನ್ನು ತಿನ್ನುವ ಮೆಕ್ಸಿಕೊದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು, ಈಗ ಬಹಳ ಕಡೆ ಹಬ್ಬಿದೆ. ಮಳೆಗಾಲದಲ್ಲಿ ಎಲೆಯೆಲ್ಲ ತೂತು ತೂತಾಗಿ ಕಂಡರೆ ಅದರದ್ದೇ ಕೆಲಸ, ಕೊಲ್ಲಬೇಡಿ. ಕಿತ್ತ ಜಾಗದಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ಒತ್ತಾಗಿ ಬೆಳೆದು ಕಾಂಗ್ರೆಸ್ಸನ್ನು ಮೇಲೇಳಲು ಬಿಡುವುದಿಲ್ಲ. ಎರಡನೆಯದು ಬಳ್ಳಾರಿ ಜಾಲಿ. ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತದೆ. ಬುಡವನ್ನೇ ಅಗೆದು ತೆಗೆಯಬೇಕು. ಕಲ್ಲು ಎತ್ತುವಾಗ ಚೇಳು ಇರುತ್ತದೆ, ಬರಿಗೈ ಹಾಕಬೇಡಿ.

ಎರೆ ಮಣ್ಣಿನ ಸ್ವಭಾವ

ನಮ್ಮದು ಕರಿ ಎರೆ ಭೂಮಿ. ತೊಗರಿಗೆ ಚಿನ್ನದಂಥ ಮಣ್ಣು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಸಿಕ್ಕಿದ್ದರಲ್ಲಿ ಈ ಮಣ್ಣಿನ ಪಾಲೂ ಇದೆ. ಆದರೆ ಗುಂಡಿ ತೋಡಿ ಸಸಿ ನೆಡುವವರಿಗೆ ಇದು ಬಲು ಹಟಮಾರಿ. ನೀರು ಕುಡಿದರೆ ಉಬ್ಬುತ್ತದೆ. ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಕೈ ಇಳಿಸಿದರೆ ಮೊಳಕೈವರೆಗೆ ಹೋಗುತ್ತದೆ. ಬಿರಿಯುವಾಗ ಸಸಿಯ ಸಣ್ಣ ಬೇರುಗಳೂ ಹರಿಯುತ್ತವೆ. ನೀರು ಹಾಕುತ್ತಿದ್ದರೂ ಸಸಿ ಯಾಕೆ ಸತ್ತಿತು ಅಂತ ಕೇಳುವವರಿಗೆ ಇದೊಂದು ಉತ್ತರ.

ಇನ್ನೊಂದು ಉತ್ತರ ನಾವೇ ಮಾಡುವ ತಪ್ಪು. ಎರೆ ಮಣ್ಣು ಗಟ್ಟಿ ಅಂತ ಗುಂಡಿಯಲ್ಲಿ ಬರೀ ಉಸುಕು, ಕೆಂಪು ಮಣ್ಣು, ಗೊಬ್ಬರ ತುಂಬುತ್ತೇವೆ. ಸುತ್ತಲಿನ ಮಣ್ಣು ನೀರನ್ನು ಬೇಗ ಹೀರುವುದಿಲ್ಲ, ಗುಂಡಿ ಮಾತ್ರ ಬೇಗ ಹೀರುತ್ತದೆ. ಸೆಪ್ಟೆಂಬರ್ ಮಳೆಗೆ ಆ ಗುಂಡಿ ನೀರು ತುಂಬಿದ ಬಾನಿ ಆಗುತ್ತದೆ. ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಸರಿಯಾದ ರೀತಿ ಅಂದರೆ ತೋಡಿದ ಅದೇ ಮಣ್ಣಿಗೆ ಮೂರರಲ್ಲಿ ಒಂದು ಪಾಲಿನಷ್ಟು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬುವುದು. ಗುಂಡಿಯ ಗೋಡೆ ನುಣುಪಾಗಿದ್ದರೆ ಹಾರೆಯಿಂದ ಕೆತ್ತಿ ಒರಟು ಮಾಡಿ. ಸಸಿಯ ಬುಡ ನೆಲಕ್ಕಿಂತ ನಾಲ್ಕು ಬೆರಳು ಮೇಲಿರಲಿ. ಮಳೆ ಮುಗಿದ ಮೇಲೆ ಸುತ್ತ ಪಾತಿ ಮಾಡಿದರಾಯಿತು. ಗುಂಡಿಯನ್ನು ಏಪ್ರಿಲ್‌ನಲ್ಲೇ, ಎರಡಡಿ ಆಳ ಎರಡಡಿ ಅಗಲ, ತೋಡಿ ಬಿಸಿಲಿಗೆ ಬಿಡಿ. ಮತ್ತೆ, ನೆಡುವಾಗ ಕಪ್ಪು ಪ್ಲಾಸ್ಟಿಕ್ ಚೀಲ ಹರಿದು ತೆಗೆಯಿರಿ. ನಗಬೇಡಿ. ನಮ್ಮ ಸತ್ತ ಸಸಿಗಳನ್ನು ಕಿತ್ತಾಗ ಎಷ್ಟೋ ಚೀಲದೊಳಗೇ ಇದ್ದವು.

ಒಡೆದ ಸಿಮೆಂಟು ಬಿದ್ದ ಜಾಗಕ್ಕೆ ಇನ್ನೊಂದು ತೊಂದರೆ ಇದೆ. ಎರೆ ಮಣ್ಣು ಮೊದಲೇ ಕ್ಷಾರದ ಕಡೆಗೆ ವಾಲಿದ್ದು. ಸುಣ್ಣ, ಸಿಮೆಂಟು ಸೇರಿದರೆ ಅದು ಇನ್ನೂ ಜಾಸ್ತಿ ಆಗುತ್ತದೆ. ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಕಾಣುತ್ತದೆ. ಇಟ್ಟಿಗೆ ಸಿಮೆಂಟನ್ನೆಲ್ಲ ಹೊರಗೆ ಸಾಗಿಸಲು ಖರ್ಚು ಬಹಳ. ಗಾಜು, ಪ್ಲಾಸ್ಟಿಕ್ ಆರಿಸಿ ಉಳಿದದ್ದನ್ನು ನಡೆದಾಡುವ ದಾರಿಯ ಅಡಿಪಾಯಕ್ಕೆ ಹಾಕಿ. ಮೇಲೆ ಶಹಾಬಾದ್ ಪರಸಿ, ಅಂದರೆ ಚಪ್ಪಡಿ ಕಲ್ಲು. ನಮ್ಮ ಪಕ್ಕದಲ್ಲೇ ಸಿಗುವ ಕಲ್ಲು ಬಿಟ್ಟು ಬಣ್ಣದ ಟೈಲ್ಸ್ ಯಾಕೆ ತರುತ್ತಾರೋ ನನಗೆ ಅರ್ಥವಾಗಿಲ್ಲ. ಪರಸಿಯ ಸಂದಿಗೆ ಸಿಮೆಂಟು ಹಾಕದೆ ಬಿಟ್ಟರೆ ಮಳೆನೀರು ಇಳಿಯುತ್ತದೆ. ಕೂರುವ ಪರಸಿಯನ್ನು ಮಾತ್ರ ನೆರಳು ಬರುವ ಕಡೆ ಹಾಕಿ. ಮೇ ತಿಂಗಳ ಸಂಜೆ ಐದಕ್ಕೂ ಅದರ ಮೇಲೆ ಕೂರಲು ಆಗುವುದಿಲ್ಲ.

ನೀರಿನ ಲೆಕ್ಕ

ಇಲ್ಲಿಗೆ ಬಂದಾಗ ಎಲ್ಲರೂ "ಅದು ನೋಡೋಣ ಬಿಡ್ರಿ" ಅನ್ನುತ್ತಾರೆ. ನೋಡುವುದಕ್ಕೆ ಏನಿಲ್ಲ, ಲೆಕ್ಕ ಹಾಕುವುದಿದೆ.

60 ಅಡಿ ಅಗಲ, 100 ಅಡಿ ಉದ್ದದ ಜಾಗ ಅಂತ ಇಟ್ಟುಕೊಳ್ಳಿ. ಸುಮಾರು 557 ಚದರ ಮೀಟರ್. ಅದರಲ್ಲಿ 40 ಸಸಿ. ಎಳೆ ಸಸಿಗೆ ಬೇಸಿಗೆಯಲ್ಲಿ ಒಂದು ಸಲಕ್ಕೆ 15 ಲೀಟರ್, ವಾರಕ್ಕೆ ಎರಡು ಸಲ. ಅಂದರೆ ವಾರಕ್ಕೆ 1,200 ಲೀಟರ್. ಫೆಬ್ರುವರಿಯಿಂದ ಮೇ ಕೊನೆವರೆಗೆ 17 ವಾರ ಅಂದರೆ 20,400 ಲೀಟರ್. 5 ಸಾವಿರ ಲೀಟರಿನ ಟ್ಯಾಂಕರ್ ಸುಮಾರು ನಾಲ್ಕು. ಇಷ್ಟೇ. ನೂರು ಮನೆಯ ಬಡಾವಣೆಗೆ ಇದು ಭಾರ ಅಲ್ಲ.

ಈಗ ಇದೇ ಜಾಗದಲ್ಲಿ 200 ಚದರ ಮೀಟರ್ ಲಾನ್ ಹಾಕಿ ನೋಡಿ. ನಮ್ಮ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಕಡಿಮೆ ಅಂದರೂ 5 ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. ಹಾಗಾಗಿ ದಿನಕ್ಕೆ 1,000 ಲೀಟರ್. ನಲವತ್ತು ಮರ ಒಂದು ವಾರ ಕುಡಿಯುವಷ್ಟನ್ನು ಲಾನ್ ಹೆಚ್ಚುಕಡಿಮೆ ಒಂದು ದಿನದಲ್ಲಿ ಕುಡಿಯುತ್ತದೆ, ನೆರಳೂ ಕೊಡುವುದಿಲ್ಲ. ಭೀಮಾ ಮತ್ತು ಬೆಣ್ಣೆತೊರೆಯಿಂದ ನಲ್ಲಿಗೆ ನೀರು ಬರುವ ಊರಲ್ಲಿ, ಕೊಡಕ್ಕೆ ಪಾಳಿ ಹಚ್ಚಿದವರ ಎದುರು, ಹುಲ್ಲಿಗೆ ಕುಡಿಯುವ ನೀರು ಬಿಡಲು ನನಗಂತೂ ಮನಸ್ಸು ಬರುವುದಿಲ್ಲ. ಲಾನ್ ಬೇಕೇಬೇಕು ಅನ್ನುವವರಿಗೆ ಈ ಲೆಕ್ಕ ಬರೆದು ತೋರಿಸಿ.

ಮಳೆನೀರು ಸಿಗುತ್ತದಲ್ವಾ ಅಂತ ಕೇಳುತ್ತಾರೆ. ಸಿಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ. ಪಕ್ಕದ ಒಂದು 30×40 ಮನೆಯ ಮಾಳಿಗೆ 111 ಚದರ ಮೀಟರ್. ಐದರಲ್ಲಿ ಒಂದು ಪಾಲು ಹಾಳಾದರೂ ವರ್ಷಕ್ಕೆ 66 ಸಾವಿರ ಲೀಟರ್ ಇಳಿಯುತ್ತದೆ. ತೊಡಕು ಏನಂದರೆ ಮಳೆ ಬರುವುದು ಜೂನ್‌ನಿಂದ ಅಕ್ಟೋಬರ್ ತನಕ, ನೀರು ಬೇಕಾಗುವುದು ಫೆಬ್ರುವರಿಯಿಂದ. ಅಷ್ಟು ದೊಡ್ಡ ಟಾಕಿ ಕಟ್ಟುವುದು ದುಡ್ಡಿನ ಮಾತು. ಅದಕ್ಕಿಂತ ಅಗ್ಗದ ಟಾಕಿ ನಿಮ್ಮ ಕಾಲಡಿಯಲ್ಲೇ ಇದೆ. ಎರೆ ಮಣ್ಣು ಒಂದು ಮೀಟರ್ ಆಳದಲ್ಲಿ 150ರಿಂದ 200 ಮಿಲಿಮೀಟರ್ ನೀರನ್ನು ಗಿಡಕ್ಕೆ ಸಿಗುವಂತೆ ಹಿಡಿದಿಡುತ್ತದೆ. ಹಿಂಗಾರಿ ಜೋಳ ಮಳೆಯಿಲ್ಲದೆ ಬರುವುದು ಹೀಗೇ. ಹೊಲದಲ್ಲಿ ಒಡ್ಡು ಹಾಕಿದಂತೆ ಜಾಗದ ಇಳಿಜಾರಿಗೆ ಅಡ್ಡ ಸಣ್ಣ ಒಡ್ಡು ಹಾಕಿ, ಮಾಳಿಗೆಯ ಪೈಪನ್ನು ಅದರತ್ತ ತಿರುಗಿಸಿ. ಆಮೇಲೆ ಸಸಿಯ ಸುತ್ತ ಅರ್ಧ ಮೊಳ ದಪ್ಪ ಒಣ ಎಲೆ, ತೊಗರಿ ಕಟ್ಟಿಗೆ ಚೂರು ಹೊದಿಸಿ. ಬಿರುಕು ಬಿಡುವುದು ಬಹಳ ಕಡಿಮೆ ಆಗುತ್ತದೆ.

ಹಳೆಯ ಉಪಾಯ ಒಂದಿದೆ. ಮಣ್ಣಿನ ಗಡಿಗೆಯನ್ನು ಸಸಿಯ ಪಕ್ಕ ಕುತ್ತಿಗೆವರೆಗೆ ಹೂಳಿ, ನೀರು ತುಂಬಿ, ಮುಚ್ಚಳ ಮುಚ್ಚುವುದು. ಒಣಗಿದ ಮಣ್ಣು ಗಡಿಗೆಯಿಂದ ನೀರು ಎಳೆದುಕೊಳ್ಳುತ್ತದೆ, ಹಸಿ ಇದ್ದರೆ ಎಳೆಯುವುದಿಲ್ಲ. ಎರೆ ಮಣ್ಣು ಉಬ್ಬಿ ಗಡಿಗೆ ಒಡೆಯದಂತೆ ಸುತ್ತ ಸ್ವಲ್ಪ ಉಸುಕು ಹಾಕಿ. ಬಟ್ಟೆ ಒಗೆದ ನೀರು ಬಿಡಬೇಡಿ. ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತದೆ, ಎರೆ ಮಣ್ಣಿಗೆ ಅದು ಬಿದ್ದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆರ್‌ಒ ಯಂತ್ರದ ಹೊರನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಅದೂ ಬೇಡ. ಏ.ಸಿ. ನೀರು ನಡೆಯುತ್ತದೆ.

ಏನು ನೆಡಬೇಕು, ಯಾವಾಗ

ಜೂನ್ 5 ಫೋಟೊ ತೆಗೆಯಲು ಒಳ್ಳೆಯ ದಿನ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದು 7 ಅಥವಾ 8ಕ್ಕೆ, ಮಳೆ ಹಿಡಿಯುವುದು ಇನ್ನೂ ಆಮೇಲೆ. ಎರಡು ಹದ ಮಳೆ ಬಿದ್ದು ನೆಲ ತಣ್ಣಗಾದ ಮೇಲೆ, ಆರಿದ್ರಾ, ಪುನರ್ವಸು ಮಳೆಯಲ್ಲಿ ನೆಟ್ಟರೆ ಸಸಿಗೆ ಮೂರು ತಿಂಗಳು ಪುಕ್ಕಟೆ ನೀರು. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲಕ್ಕೆ ರಿಯಾಯಿತಿ ದರದಲ್ಲಿ ಸಸಿ ಕೊಡುತ್ತಾರೆ. ಸಣ್ಣ ಚೀಲದ ಎಳೆ ಸಸಿಗಿಂತ ದೊಡ್ಡ ಚೀಲದಲ್ಲಿ ಆಳೆತ್ತರ ಬೆಳೆದದ್ದು ತನ್ನಿ. ಆಡು ತಿನ್ನುವ ಎತ್ತರ ದಾಟಿರಬೇಕು.

ಹೊಂಗೆ, ಬೇವು, ಹುಣಸೆ, ಬನ್ನಿ, ಬಾರೆ (ಎಲಚಿ), ಸೀತಾಫಲ, ಕರಿಬೇವು. ಈ ನೆಲಕ್ಕೆ ಒಗ್ಗಿದವು ಇವು. ಎಲ್ಲ ಬೇವೇ ಹಾಕಬೇಡಿ. ಈಚಿನ ವರ್ಷಗಳಲ್ಲಿ ಬೇವಿನ ತುದಿ ಒಣಗುವ ರೋಗ ದಖ್ಖನ್ ಭಾಗದಲ್ಲಿ ಬಹಳ ಕಂಡಿದೆ. ಮರ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೂ ಒಂದೇ ಜಾತಿ ಇದ್ದರೆ ಒಂದೇ ಸಲ ಎಲ್ಲ ಕಂದು ಬಣ್ಣ. ಆಲ, ಅರಳಿ ಒಂದು ಸಾಕು, ಅದೂ ಮನೆಗಳಿಂದ ದೂರ. ಎರೆ ಭೂಮಿಯಲ್ಲಿ ದೊಡ್ಡ ಮರ ಬುನಾದಿಯ ಪಕ್ಕದ ತೇವ ಎಳೆದರೆ ಮಣ್ಣು ಕುಗ್ಗಿ ಗೋಡೆ ಬಿರಿಯುತ್ತದೆ. ಪಕ್ಕದ ಮನೆಯವರು ಮರದ ಮೇಲೆ ಸಿಟ್ಟಾಗುವುದು ಸುಮ್ನೆ ಅಲ್ಲ. ಬೇಗ ಬೆಳೆಯುತ್ತದೆ ಅಂತ ಕೋನೋಕಾರ್ಪಸ್ ಅನ್ನುವ ವಿದೇಶಿ ಗಿಡ ತರುವವರಿದ್ದಾರೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಮಿಯಾವಾಕಿ ಕಾಡು ಮಾಡೋಣ ಅನ್ನುವ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ರೂಪಿಸಿದ ವಿಧಾನ ಅದು. ಒಂದು ಚದರ ಮೀಟರಿಗೆ ಮೂರರಿಂದ ಐದು ಸಸಿ, ಎರಡು ಮೂರು ವರ್ಷ ಬಿಡದೆ ನೀರು. ಮೇಲಿನ ಲೆಕ್ಕದಲ್ಲಿ 40ರ ಬದಲು ಸಾವಿರದಾಚೆ ಸಸಿ ಹಾಕಿ ನೋಡಿ. ಜೊತೆಗೆ ಅದು ದಟ್ಟ ಕಾಡು. ಒಳಗೆ ಆಡಲು, ಕೂರಲು, ನಡೆಯಲು ಜಾಗ ಇರುವುದಿಲ್ಲ. ಊರಾಚೆ ದೊಡ್ಡ ಜಾಗಕ್ಕೆ ಚೆಂದ. ಓಣಿಯ 60×100ಕ್ಕೆ ಬೇಡ.

ಯಾಕಂದರೆ ಈ ಜಾಗ ಮಂದಿ ಬರಲಿ ಅಂತ ಮಾಡುವುದು. ಬರುವವರು ದಿನಾ ಇದ್ದರೆ ಕಸ ಒಗೆಯುವ ಕೈ ಹಿಂಜರಿಯುತ್ತದೆ. ಮುದುಕರಿಗೆ ಬೆಳಗಿನ ಬಿಸಿಲಿನ ಕಡೆ ಕಟ್ಟೆ, ಹುಡುಗರಿಗೆ ಗಿಡ ಇಲ್ಲದ ಬರೀ ನೆಲ, ಹೆಣ್ಣುಮಕ್ಕಳಿಗೆ ಸಂಜೆ ಎಂಟರವರೆಗೆ ಒಳ್ಳೆ ದೀಪ. ವ್ಯಾಯಾಮದ ಕಬ್ಬಿಣದ ಯಂತ್ರ ಬೇಕು ಅಂದರೆ ಮರ ಬೆಳೆದ ಮೇಲೆ ಅದರಡಿ ಹಾಕಿ. ಬಯಲಲ್ಲಿ ಹಾಕಿದರೆ ಏಪ್ರಿಲ್‌ನಲ್ಲಿ ಅದನ್ನು ಹಿಡಿಯಲು ಇಕ್ಕಳ ಬೇಕಾಗುತ್ತದೆ. ಎಳ್ಳಮವಾಸ್ಯೆಗೆ ಹೊಲ ಇಲ್ಲದ ಮನೆಗಳವರು ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಪಬ್ಲಿಕ್ ಗಾರ್ಡನ್ ತನಕ ಯಾಕೆ ಹೋಗಬೇಕು? ಒಂದು ಮೂಲೆ ಹಾಗೇ ಬಿಡಿ, ಹತ್ತು ಮಂದಿ ಚಾಪೆ ಹಾಸುವಷ್ಟು.

ಮೂರನೇ ಬೇಸಿಗೆ

ಮೊದಲ ವರ್ಷ ಎಲ್ಲರಿಗೂ ಹುರುಪು. ಎರಡನೇ ವರ್ಷ ನಾಲ್ಕು ಮಂದಿ. ಮೂರನೇ ಬೇಸಿಗೆಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು ಒಂಟಿಯಾಗಿ ಪೈಪ್ ಹಿಡಿದು ನಿಂತಿರುತ್ತಾರೆ. ಆ ವರ್ಷವೇ ಬೇರು ಆಳಕ್ಕೆ ಇಳಿಯುವ ವರ್ಷ. ಅದನ್ನು ದಾಟಿದರೆ ಹೊಂಗೆ, ಬೇವಿಗೆ ನಿಮ್ಮ ನೀರು ಬೇಕಾಗುವುದಿಲ್ಲ.

ಇದಕ್ಕೆ ಪಾಳಿ ಬೇಕು, ಹೆಸರು ಸಹಿತ. "ಎಲ್ಲರೂ ಸೇರಿ ನೋಡಿಕೊಳ್ಳೋಣ" ಅಂದರೆ ಯಾರೂ ನೋಡುವುದಿಲ್ಲ. ಮನೆಗೆ ಎರಡು ಸಸಿ ಹಂಚಿ, ಪರಸಿ ತುಂಡಿನ ಮೇಲೆ ಮನೆ ನಂಬರು ಬರೆದು ಬುಡಕ್ಕೆ ನಿಲ್ಲಿಸಿ. ತಿಂಗಳಿಗೆ ಮನೆಗಿಷ್ಟು ಅಂತ ಸಣ್ಣ ಮೊತ್ತ, ಲೆಕ್ಕ ಗೇಟಿನ ಮೇಲೆ ಅಂಟಿಸಿ. ಪಾಲಿಕೆಯ ಜೊತೆ ನಿರ್ವಹಣೆಯ ಒಪ್ಪಂದ ಬರೆಸಿಕೊಳ್ಳಿ. ದೀಪದ ಬಿಲ್ಲು ಯಾರದ್ದು, ಗೇಟಿನ ಕೀಲಿ ಯಾರ ಹತ್ತಿರ, ಕಸ ಎತ್ತುವವರು ಯಾರು ಅನ್ನುವುದು ಅದರಲ್ಲಿರಲಿ. ಪಾಲಿಕೆಯ 55 ವಾರ್ಡುಗಳಲ್ಲಿ ನಿಮ್ಮದು ಯಾವುದು, ಸದಸ್ಯರು ಯಾರು ಅಂತ ತಿಳಿದು ಅವರನ್ನು ಮೊದಲ ದಿನದಿಂದಲೇ ಕರೆಯಿರಿ. ಉದ್ಘಾಟನೆಗೆ ಮಾತ್ರ ಕರೆದರೆ ಅವರೂ ಉದ್ಘಾಟನೆಗೆ ಮಾತ್ರ ಬರುತ್ತಾರೆ. ಅದರಲ್ಲಿ ತಪ್ಪೇನಿದೆ?

ಮೇ ತಿಂಗಳಲ್ಲಿ ಎಲೆ ಉದುರಿ ಕಡ್ಡಿಯಂತೆ ನಿಂತ ಸಸಿ ನೋಡಿ ಸತ್ತಿತು ಅಂತ ಕಿತ್ತು ಒಗೆಯುವವರು ಬಹಳ. ಉಗುರಿನಿಂದ ಬುಡದ ಹತ್ತಿರ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಒಂದು ಕೊಡ ನೀರು ಹಾಕಿ, ಮಿರಗದ ತನಕ ಮುಟ್ಟಬೇಡಿ.